ಕಿವಿಯ ಜಾತ್ರೆ

ಚಿನ್ನದ ಮೇಳ ನೋಡಿದ್ದೇವೆ, ಸೀರೆಗಳ ಮೇಳ ನೋಡಿದ್ದೇವೆ, ಹಲಸಿನ ಹಣ್ಣಿಗೂ ಮೇಳ ನಡೆಯುವುದನ್ನು ಕಂಡಿದ್ದೇವೆ. ಆದರೆ ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನಿಗೂ ಒಂದು ಜಾತ್ರೆ ಇದೆ, ಅದನ್ನು ನೋಡಲು ಜನ ವಿಮಾನ ಹತ್ತಿ ಬರುತ್ತಾರೆ ಎಂದರೆ ನಿಮ್ಮಲ್ಲಿ ಎಷ್ಟು ಜನ ನಂಬುತ್ತೀರಿ? 'ಕ್ಯಾನ್‌ಜಾಮ್' ಎಂದು ಅದರ ಹೆಸರು. 'ಕ್ಯಾನ್' ಅಂದರೆ ಡಬ್ಬ. ಹೆಡ್‌ಫೋನಿಗೆ ಇಂಗ್ಲಿಷಿನವರು ಇಟ್ಟಿರುವ ಅಡ್ಡಹೆಸರು ಅದು. ಅಮೆರಿಕದಲ್ಲಿ ಹುಟ್ಟಿದ ಈ ಮೇಳ ಲಂಡನ್ನಿಗೆ ಬಂತು, 2016ರಿಂದ ಸಿಂಗಪುರಕ್ಕೂ ಬಂತು. ನಾನು ಹೋದದ್ದು 2019ರಲ್ಲಿ, ಸಿಂಗಪುರದ ಮರೀನಾ ಬಳಿಯ ಪ್ಯಾನ್ ಪೆಸಿಫಿಕ್ ಹೋಟೆಲಿಗೆ.

ನನ್ನಂಥ ನಿವೃತ್ತ ಶಾಲಾ ಶಿಕ್ಷಕಿಗೆ ಅಲ್ಲೇನು ಕೆಲಸ ಎಂದು ನೀವು ಕೇಳುವುದು ಸಹಜ. ಭಾಯಿಜಾನರ ಮಗ ಸಿಂಗಪುರದಲ್ಲಿ ಇಂಜಿನಿಯರ್. ಅವನ ಹೆಂಡತಿಗೆ ತಾಯಿಯಿಲ್ಲ. ಹಾಗಾಗಿ ಬಾಣಂತನಕ್ಕೆ ಭಾಬಿ ಹೊರಟಾಗ ಜೊತೆಗೆ ನಾನೂ ಹೊರಟೆ. ಹುಡುಗ ಒಳ್ಳೆಯವನು, ಆದರೆ ಮಾತು ಕಡಿಮೆ. ಕೆಲಸದಿಂದ ಬಂದು ಊಟ ಮುಗಿಸಿ ಕಿವಿಗೆ ಹೆಡ್‌ಫೋನ್ ಏರಿಸಿದನೆಂದರೆ ಮುಗಿಯಿತು, ಭಾಬಿ ಮೂರು ಸಲ ಕರೆದರೂ ಓಗೊಡುವುದಿಲ್ಲ. ಅವನ ಕಪಾಟಿನಲ್ಲಿ ಇಂಥವು ಐದಾರು ಇದ್ದವು. ಒಂದೊಂದಕ್ಕೆ ಎಷ್ಟು ಕೊಟ್ಟನೋ ಎಂಬುದು ಭಾಬಿಯ ಚಿಂತೆ. ಮೇಳಕ್ಕೆ ಹೋಗುತ್ತೇನೆ ಎಂದು ಅವನು ಹೇಳಿದ ದಿನ ಭಾಬಿ ನನ್ನನ್ನು ಅಡುಗೆಮನೆಗೆ ಕರೆದು, "ನೀನೂ ಹೋಗು. ಏನು ಕೊಳ್ಳುತ್ತಾನೆ, ಎಷ್ಟು ಕೊಡುತ್ತಾನೆ ನೋಡಿಕೊಂಡು ಬಾ" ಎಂದರು. ಪತ್ತೇದಾರಳಾಗಿ ಹೋದವಳು ನಾನು.

ಪ್ರೊಮೆನೇಡ್ ಸ್ಟೇಷನ್ನಿನಲ್ಲಿ ಇಳಿದು ಹೋಟೆಲಿಗೆ ನಡೆದೆವು. ಒಳಗೆ ಮದುವೆ ಹಾಲಿನಂಥ ದೊಡ್ಡ ಕೋಣೆಗಳು, ಸಾಲುಸಾಲು ಮೇಜುಗಳು, ಮೇಜಿನ ಮೇಲೆ ಟೋಪಿ ಅಂಗಡಿಯಲ್ಲಿ ಟೋಪಿ ನೇತುಹಾಕಿದ ಹಾಗೆ ಹೆಡ್‌ಫೋನುಗಳು. ಪ್ರತಿ ಮೇಜಿನ ಮುಂದೆ ಎರಡು ಮೂರು ಕುರ್ಚಿ. ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತ ಗಂಡಸರು! ಹೌದು, ಬಹುತೇಕ ಗಂಡಸರೇ. ಹೆಂಗಸರನ್ನು ಬೆರಳಲ್ಲಿ ಎಣಿಸಬಹುದಿತ್ತು, ಅವರಲ್ಲೂ ಅರ್ಧದಷ್ಟು ಮಂದಿ ಗಂಡನ ಚೀಲ ಹಿಡಿದು ಗೋಡೆಯ ಪಕ್ಕ ನಿಂತವರು. ತಲೆಗೆ ಸ್ಕಾರ್ಫ್ ಕಟ್ಟಿದ ಒಬ್ಬ ಮಲಯ್ ಹುಡುಗಿ ಮಾತ್ರ ಸ್ವಂತ ಪ್ಲೇಯರ್ ತಂದುಕೊಂಡು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತಾ ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಅವಳನ್ನು ಕಂಡು ನನಗೆ ಖುಷಿಯಾಯಿತು.

ಅಲ್ಲಿನ ಒಂದು ಪದ್ಧತಿ ಮೊದಲ ಹತ್ತು ನಿಮಿಷದಲ್ಲೇ ನನ್ನ ಕಣ್ಣಿಗೆ ಬಿತ್ತು. ಮೇಜಿನವನು ಹೆಡ್‌ಫೋನ್ ಕೈಗೆ ಕೊಡುವ ಮುಂಚೆ ಅದರ ಮೆತ್ತೆಯನ್ನು ಒರೆಸುತ್ತಾನೆ, ಆಮೇಲೆ ಶಬ್ದದ ತಿರುಪನ್ನು ಪೂರ್ತಿ ಸೊನ್ನೆಗೆ ಇಳಿಸುತ್ತಾನೆ. ಕೇಳುವವನು ಅದನ್ನು ಕಿವಿಗೆ ಹಾಕಿಕೊಂಡು ತಿರುಪನ್ನು ತಾನೇ ಒಂದೊಂದೇ ಗೆರೆ ಏರಿಸುತ್ತಾನೆ. "ಯಾಕೆ ಹೀಗೆ?" ಎಂದು ಕೇಳಿದೆ. "ನಮ್ಮ ಬಂಡವಾಳ ಕಿವಿ ಅಲ್ಲವೇ ಫುಪ್ಪು? ಹೆಡ್‌ಫೋನ್ ಹೋದರೆ ಇನ್ನೊಂದು ಕೊಳ್ಳಬಹುದು" ಎಂದ ಹುಡುಗ. ಅಂದು ಅವನು ನನ್ನೊಡನೆ ಆಡಿದಷ್ಟು ಮಾತನ್ನು ಕಳೆದ ಮೂರು ವರ್ಷಗಳಲ್ಲಿ ಆಡಿರಲಿಲ್ಲ. ಅವನ ವಿಷಯ ಕೇಳಿದರೆ ಬಾಯಿ ಬಿಡುತ್ತಾನೆ, ನಮ್ಮ ವಿಷಯವನ್ನೇ ಕೇಳುತ್ತಾ ಹೋದರೆ 'ಹೂಂ' ಅನ್ನುತ್ತಾನೆ. ಹರೆಯದ ಮಕ್ಕಳಿರುವ ಎಲ್ಲ ಮನೆಗಳಲ್ಲೂ ಇದೇ ಕಥೆ ಇರಬಹುದು.

ಹೆಡ್‌ಫೋನಿನ ಕಥೆಯನ್ನು ಅವನೇ ಹೇಳಿದ. ಅಡುಗೆಮನೆಯಲ್ಲಿ ಹುಟ್ಟಿದ ವಸ್ತುವಂತೆ ಅದು! ಅಮೆರಿಕದ ಯೂಟಾ ಪ್ರಾಂತದ ನಥಾನಿಯಲ್ ಬಾಲ್ಡ್‌ವಿನ್ ಎಂಬವನು 1910ರಲ್ಲಿ ತನ್ನ ಕೈಯಾರೆ ಮಾಡಿದ ಹೆಡ್‌ಫೋನನ್ನು ಅಮೆರಿಕದ ನೌಕಾಪಡೆಗೆ ಕಳಿಸಿದ. ಪರೀಕ್ಷಿಸಿದ ಅಧಿಕಾರಿಗಳು ಬೆರಗಾಗಿ ನೂರು ಬೇಕೆಂದರು. ಅವನ ಉತ್ತರ, ಒಂದು ಸಲಕ್ಕೆ ಹತ್ತಕ್ಕಿಂತ ಹೆಚ್ಚು ಆಗುವುದಿಲ್ಲ ಎಂದು. ಏಕೆಂದರೆ ಅವನ ಕಾರ್ಖಾನೆ ಮನೆಯ ಅಡುಗೆಮನೆಯೇ ಆಗಿತ್ತು. ಆ ದಿನಗಳಲ್ಲಿ ಅವನ ಹೆಂಡತಿ ರೊಟ್ಟಿ ಎಲ್ಲಿ ಸುಟ್ಟಳೋ, ಯಾವ ಚರಿತ್ರೆಯಲ್ಲೂ ಬರೆದಂತಿಲ್ಲ!

ಇನ್ನೊಂದು ಕಥೆಯಲ್ಲಿ ಮಾತ್ರ ಹೆಂಡತಿಯ ಪ್ರಸ್ತಾಪವಿದೆ. ನನಗೆ ಬಹಳ ಹಿಡಿಸಿದ್ದೂ ಅದೇ. 1979ರ ಜುಲೈಯಲ್ಲಿ ಜಪಾನಿನ ಸೋನಿ ಕಂಪನಿ ವಾಕ್‌ಮನ್ ಬಿಡುಗಡೆ ಮಾಡಿತು. ಅದಕ್ಕೂ ಮೊದಲು ಕಂಪನಿಯ ಮುಖ್ಯಸ್ಥ ಅಕಿಯೊ ಮೊರಿಟಾ ಮೊದಲ ಯಂತ್ರವನ್ನು ಮನೆಗೆ ತಂದು ಕಿವಿಗೆ ಹಾಕಿಕೊಂಡು ಹಾಡಿನ ಮೇಲೆ ಹಾಡು ಕೇಳುತ್ತಾ ಕುಳಿತರಂತೆ. ಸ್ವಲ್ಪ ಹೊತ್ತಿನಲ್ಲಿ ನೋಡುತ್ತಾರೆ, ಹೆಂಡತಿಗೆ ಬೇಸರ. ಗಂಡ ಎದುರಿಗೇ ಇದ್ದಾನೆ, ಆದರೆ ತಾನು ಬಾಗಿಲ ಹೊರಗೆ ನಿಂತ ಹಾಗೆ ಆಕೆಗೆ ಅನಿಸಿತ್ತು. ಮೊರಿಟಾ ಆ ಬೇಸರವನ್ನು ತಳ್ಳಿಹಾಕಲಿಲ್ಲ. ಯಂತ್ರಕ್ಕೆ ಎರಡು ಹೆಡ್‌ಫೋನ್ ಸಿಕ್ಕಿಸಲು ಎರಡು ತೂತು ಇರಬೇಕೆಂದು ಆಜ್ಞೆ ಮಾಡಿದರು. ಕಿತ್ತಳೆ ಬಣ್ಣದ ಒಂದು ಗುಂಡಿಯೂ ಬಂತು, ಅದನ್ನು ಒತ್ತಿದರೆ ಹಾಡು ಮೆಲ್ಲಗಾಗಿ ಇಬ್ಬರೂ ಮಾತಾಡಿಕೊಳ್ಳಬಹುದು. ಇದನ್ನು ಮೊರಿಟಾ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಜನ ಆಮೇಲೆ ಒಬ್ಬೊಬ್ಬರೂ ಒಂದೊಂದು ಕೊಂಡುಕೊಂಡರು. ಗುಂಡಿ ಮಾಯವಾಯಿತು, ಎರಡನೆಯ ತೂತೂ ಕಾಲಕ್ರಮದಲ್ಲಿ ಹೋಯಿತು. ಕರೆದರೆ ಓಗೊಡದ ಮಕ್ಕಳು ನಮ್ಮ ಪಾಲಿಗೆ ಉಳಿದರು. ಆ ಗುಂಡಿಯನ್ನು ಮತ್ತೆ ತರುವ ಕಂಪನಿಯಿದ್ದರೆ ಮೊದಲ ಗಿರಾಕಿ ನಮ್ಮ ಭಾಬಿ.

ಬೆಲೆಯ ವಿಷಯಕ್ಕೆ ಬರೋಣ, ನನ್ನನ್ನು ಕಳಿಸಿದ್ದೇ ಅದಕ್ಕೆ. ಈ ಲೋಕದಲ್ಲಿ ಬೆಲೆಗೆ ಮೇಲ್ಮಿತಿಯೇ ಇಲ್ಲ. ಫ್ರಾನ್ಸಿನ ಫೋಕಲ್ ಕಂಪನಿಯ 'ಯುಟೋಪಿಯಾ' ಎಂಬ ಹೆಡ್‌ಫೋನ್ 2016ರಲ್ಲಿ ಬಂದಾಗ ಅದಕ್ಕೆ ಸುಮಾರು 4,000 ಡಾಲರ್. ಜರ್ಮನಿಯ ಸೆನ್‌ಹೈಸರ್ 2015ರಲ್ಲಿ ಅಮೃತಶಿಲೆಯ ಪೀಠದ ಮೇಲೆ ಕೂರಿಸಿದ ಒಂದು ಜೋಡಿಯನ್ನು ಘೋಷಿಸಿತು, ಅದಕ್ಕೆ ಸುಮಾರು 50,000 ಯೂರೋ! ಆ ದುಡ್ಡಿಗೆ ನಮ್ಮ ಕಡೆ ಮನೆಯೇ ಕಟ್ಟಬಹುದು. ಆದರೆ ಇದರ ಇನ್ನೊಂದು ಮಗ್ಗುಲೂ ಇದೆ. ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳ ಧ್ವನಿಯ ಅಳತೆಗಳನ್ನು ಬೆಲೆಯ ಜೊತೆ ಹೋಲಿಸಿ ನೋಡಿ 2017ರಲ್ಲಿ ಪ್ರಕಟಿಸಿದರು. ತಗ್ಗು ಸ್ವರದಿಂದ ಹೆಚ್ಚು ಸ್ವರದವರೆಗೆ ಯಾವುದು ಎಷ್ಟು ಕೇಳಿಸುತ್ತದೆ ಎಂಬ ಆ ಅಳತೆಗೂ ಬೆಲೆಗೂ ಸಂಬಂಧವೇ ಕಾಣಲಿಲ್ಲ. ದುಬಾರಿಯದ್ದು ಗಟ್ಟಿಮುಟ್ಟಾಗಿರಬಹುದು, ತೊಡಲು ಹಿತವಾಗಿರಬಹುದು, ನೋಡಲು ಅಂದವಾಗಿರಬಹುದು. ದುಡ್ಡು ಹೆಚ್ಚು ಕೊಟ್ಟ ಮಾತ್ರಕ್ಕೆ ದನಿ ಹೆಚ್ಚು ಸರಿಯಾಗಿರುತ್ತದೆ ಎನ್ನಲಾಗದು. ಸಾವಿರ ರೂಪಾಯಿಯ ಸೀರೆಯನ್ನು ಐದು ಸಾವಿರಕ್ಕೆ ಮಾರುವವರನ್ನು ಕಂಡ ನಮಗೆ ಇದೇನು ಹೊಸತಲ್ಲ.

ಇನ್ನೊಂದು ಮೂಲೆಯಲ್ಲಿ ಕಿವಿಯ ಅಚ್ಚು ತೆಗೆಯುತ್ತಿದ್ದರು. ಗಾಯಕರು ವೇದಿಕೆಯಲ್ಲಿ ಹಾಕಿಕೊಳ್ಳುವ, ಅವರವರ ಕಿವಿಯ ಅಳತೆಗೇ ಮಾಡುವ ಇಯರ್‌ಫೋನಿಗೆ ಅದು ಬೇಕಂತೆ. ಮೊದಲು ದಾರ ಕಟ್ಟಿದ ಪುಟ್ಟ ಸ್ಪಂಜಿನ ತುಂಡೊಂದನ್ನು ಕಿವಿಯೊಳಗೆ ಇಡುತ್ತಾರೆ, ತಮಟೆಗೆ ಏಟಾಗದಿರಲು. ಆಮೇಲೆ ಹಿಟ್ಟಿನಂಥ ಸಿಲಿಕೋನ್ ತುಂಬಿ ಕೆಲವು ನಿಮಿಷ ಬಿಡುತ್ತಾರೆ. ಹೊರಗೆ ಬಂದದ್ದು ಥೇಟ್ ಶುಂಠಿಯ ತುಂಡು! ಒಬ್ಬನ ಎಡಗಿವಿ ಮತ್ತು ಬಲಗಿವಿ ಕೂಡ ಒಂದೇ ಥರ ಇರುವುದಿಲ್ಲ ಎಂದು ಆ ಹೆಣ್ಣುಮಗಳು ಎರಡೂ ಅಚ್ಚು ಪಕ್ಕಪಕ್ಕ ಹಿಡಿದು ತೋರಿಸಿದಳು. ಇಯರ್‌ಫೋನಿನ ರಬ್ಬರ್ ತುದಿ ಕಿವಿಗೆ ಸರಿಯಾಗಿ ಕೂರದಿದ್ದರೆ ಹೊರಗಿನ ಗದ್ದಲ ಒಳಗೆ ನುಗ್ಗುತ್ತದೆ. ಅದನ್ನು ಮೀರಿ ಕೇಳಲು ನಾವು ಶಬ್ದ ಏರಿಸುತ್ತಾ ಹೋಗುತ್ತೇವೆ. ಆಕೆ ಹೇಳಿದ ಇಷ್ಟು ಮಾತು ಮನೆಯಲ್ಲಿ ಮಕ್ಕಳಿರುವ ಎಲ್ಲರಿಗೂ ತಿಳಿದಿರಲಿ. ಪೆಟ್ಟಿಗೆಯಲ್ಲಿ ಮೂರು ಅಳತೆಯ ರಬ್ಬರ್ ಕೊಟ್ಟಿರುತ್ತಾರಲ್ಲ, ಅದನ್ನು ಬಿಸಾಡಬೇಡಿ.

ಎಷ್ಟು ಶಬ್ದ ಸುರಕ್ಷಿತ ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವೊಂದಿದೆ. ದೊಡ್ಡವರಿಗೆ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ. ಮಕ್ಕಳಿಗೆ 75 ಡೆಸಿಬೆಲ್, ಅಷ್ಟೇ ಗಂಟೆ. ಇಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲ್ಲಿಗೆ ಸಮಯ ಅರ್ಧಕ್ಕೆ ಇಳಿಯುತ್ತದೆ. 83 ಆದರೆ 20 ಗಂಟೆ, 86 ಆದರೆ 10 ಗಂಟೆ. ನೂರಕ್ಕೆ ಹೋದರೆ ವಾರವಿಡೀ ಸೇರಿ ಇಪ್ಪತ್ತು ನಿಮಿಷದ ಆಸುಪಾಸು ಮಾತ್ರ. ಡೆಸಿಬೆಲ್ ಅಳೆಯಲು ನಮ್ಮಲ್ಲಿ ಯಂತ್ರ ಎಲ್ಲಿದೆ? ಫೋನಿನಲ್ಲಿ ಶಬ್ದವನ್ನು ನೂರಕ್ಕೆ ಅರವತ್ತರ ಮೇಲೆ ಏರಿಸಬೇಡಿ ಎಂಬುದು ಅದೇ ಸಂಸ್ಥೆಯ ಸರಳ ಸಲಹೆ. ಜಗತ್ತಿನಲ್ಲಿ 12ರಿಂದ 35 ವರ್ಷದೊಳಗಿನ 100 ಕೋಟಿಗೂ ಹೆಚ್ಚು ಜನ ಜೋರಾಗಿ ಕೇಳಿಯೇ ಕಿವಿ ಕಳೆದುಕೊಳ್ಳುವ ಅಪಾಯದಲ್ಲಿದ್ದಾರೆ ಎಂದು 2022ರಲ್ಲಿ ಅದು ಹೇಳಿತು.

ಕಿವಿಯ ಒಳಗೆ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಂದು ಭಾಗವಿದೆ. ಅದರಲ್ಲಿ ಕೂದಲೆಳೆಯಂಥ ತುದಿಗಳಿರುವ ಸುಮಾರು ಹದಿನೈದು ಸಾವಿರ ಜೀವಕೋಶಗಳು. ಶಬ್ದವನ್ನು ಹಿಡಿದು ಮೆದುಳಿಗೆ ಮುಟ್ಟಿಸುವುದು ಇವೇ. ಜೋರು ಶಬ್ದಕ್ಕೆ ಇವು ಬಾಗುತ್ತವೆ, ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಸೋಜಿಗವೆಂದರೆ ಕೋಳಿಗೆ ಹುಟ್ಟುತ್ತವೆ! ಸತ್ತ ಕೋಶದ ಜಾಗದಲ್ಲಿ ಹಕ್ಕಿಗಳಿಗೆ ಹೊಸದು ಬೆಳೆಯುತ್ತದೆ ಎಂದು 1980ರ ದಶಕದಲ್ಲೇ ವಿಜ್ಞಾನಿಗಳು ಕಂಡುಕೊಂಡರು. ಹಿತ್ತಲಲ್ಲಿ ಕೆದಕುವ ಕೋಳಿಗಿರುವ ಆ ಭಾಗ್ಯ ನಮಗಿಲ್ಲ.

ಈಗ ಕ್ಯಾಸೆಟ್ಟಿನ ವಿಷಯ ಹೇಳಬೇಕು. ಭಾಯಿಜಾನ್ 1986ರಲ್ಲಿ ದಮ್ಮಾಮಿಗೆ ಹೋದರು. ಆಗ ಗಲ್ಫಿಗೆ ಫೋನ್ ಮಾಡುವುದು ಸುಲಭವಿರಲಿಲ್ಲ, ಅಮ್ಮಾನಿಗೆ ಬರೆಯಲು ಬರುತ್ತಿರಲಿಲ್ಲ. ಗಲ್ಫಿನ ಸಂಬಂಧವಿದ್ದ ಎಷ್ಟೋ ಮನೆಗಳಲ್ಲಿ ಆಗ ನಡೆಯುತ್ತಿದ್ದಂತೆ ನಮ್ಮಲ್ಲೂ ಕಾಗದದ ಬದಲು ಕ್ಯಾಸೆಟ್ ಹೋಗುತ್ತಿತ್ತು. ಟೇಪ್ ರೆಕಾರ್ಡರ್ ಮುಂದೆ ಕುಳಿತು ಮಾತಾಡುವುದು, ಊರಿಗೆ ಬಂದು ಹೊರಟವರ ಕೈಯಲ್ಲಿ ಕೊಟ್ಟು ಕಳಿಸುವುದು. ಅಮ್ಮಾ ತೀರಿಕೊಂಡ ಮೇಲೆ ಉಳಿದದ್ದು ಒಂದೇ ಕ್ಯಾಸೆಟ್, 1991ರದ್ದು. ಹುಡುಗ ಅದನ್ನು ಯಾವಾಗಲೋ ಊರಿಗೆ ಬಂದಾಗ ಕಂಪ್ಯೂಟರಿಗೆ ಇಳಿಸಿ ತನ್ನ ಫೋನಿನಲ್ಲಿ ಇಟ್ಟುಕೊಂಡಿದ್ದ. ನನಗದು ಗೊತ್ತೇ ಇರಲಿಲ್ಲ. (ನಿಮ್ಮ ಮನೆಯಲ್ಲೂ ಇಂಥ ಕ್ಯಾಸೆಟ್ ಇದ್ದರೆ ಬೇಗ ಇಳಿಸಿಕೊಳ್ಳಿ. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಮೊದಲ ಸಲ ಹಾಕುವಾಗಲೇ ಹರಿದರೂ ಹರಿಯಿತು.)

ಒಂದು ಮೇಜಿನ ಮುಂದೆ ನನ್ನನ್ನು ಕೂರಿಸಿ, ಕಿವಿಯನ್ನು ಸುತ್ತಲೂ ಮುಚ್ಚುವಂಥ ದೊಡ್ಡ ಹೆಡ್‌ಫೋನ್ ತೊಡಿಸಿದ. ಹಾಲಿನ ಗದ್ದಲ ದೂರ ಹೋಯಿತು. ಮೊದಲು ಟೇಪಿನ ಸುಯ್ಯೆನ್ನುವ ಸದ್ದು. ಒಳ್ಳೆಯ ಹೆಡ್‌ಫೋನ್ ಕೊಳೆಯನ್ನೂ ಅಷ್ಟೇ ಪ್ರಾಮಾಣಿಕವಾಗಿ ತೋರಿಸುತ್ತದೆ. ಆಮೇಲೆ ಗುಂಡಿ ಒತ್ತಿದ 'ಟಕ್'. ಆಮೇಲೆ ಅಮ್ಮಾ. "ಬೇಟಾ, ಖಾನಾ ಖಾಯಾ ಕಿ ನೈ?" ಸುಮಾರು ಮೂರು ಸಾವಿರ ಕಿಲೋಮೀಟರ್ ದೂರವಿದ್ದ ಮಗನಿಗೆ, ಕ್ಯಾಸೆಟ್ ತಲುಪಲು ತಿಂಗಳಾಗುತ್ತದೆ ಎಂದು ಗೊತ್ತಿದ್ದೂ ಆಕೆ ಕೇಳಿದ ಮೊದಲ ಪ್ರಶ್ನೆ ಅದು. ಹಿಂದೆ ಬಾವಿಯ ರಾಟೆ ಕಿರ್ರೆನ್ನುತ್ತಿತ್ತು. ಅಮ್ಮಾ ಕೈಯಾಡಿಸಿದಾಗಲೆಲ್ಲ ಗಾಜಿನ ಬಳೆ. ಅಬ್ಬಾ ಎಲ್ಲೋ ಹಜಾರದಲ್ಲಿ ಗಂಟಲು ಸರಿಮಾಡಿಕೊಂಡರು. ಒಂದು ಕೂಸು ಅಳತೊಡಗಿತು, "ಇದು ನಿನ್ನ ಮಗನೇ" ಎಂದು ಅಮ್ಮಾ ನಕ್ಕರು. ಆ ಕೂಸು ಈಗ ನನ್ನ ಪಕ್ಕದಲ್ಲಿ ಗಡ್ಡ ಬಿಟ್ಟು ನಿಂತಿತ್ತು. ಮನೆಯ ಟೇಪ್ ರೆಕಾರ್ಡರಿನಲ್ಲಿ ಈ ಕ್ಯಾಸೆಟ್ಟನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಬಳೆಯ ಸದ್ದು ಅದರಲ್ಲಿ ಒಮ್ಮೆಯೂ ಕೇಳಿಸಿರಲಿಲ್ಲ. ಮೇಜಿನ ಚೀನೀ ಹುಡುಗ ಏನೂ ಕೇಳದೆ ಕಾಗದದ ಕರವಸ್ತ್ರ ಮುಂದೆ ತಳ್ಳಿದ.

"ದಿನಾ ರಾತ್ರಿ ಇದನ್ನೇ ಕೇಳುತ್ತೀಯಾ?" ಎಂದೆ. "ದಿನಾ ಇಲ್ಲ, ಆಗಾಗ" ಎಂದ. ಅವನು ಅಂದು ಕೊಂಡದ್ದು ಸುಮಾರು 60 ಸಿಂಗಪುರ ಡಾಲರಿನ ಒಂದು ತಂತಿಯ ಇಯರ್‌ಫೋನ್, ಅದೂ ತನ್ನ ತಂದೆಗಾಗಿ. ಆಗಿನ ಲೆಕ್ಕದಲ್ಲಿ ಮೂರು ಸಾವಿರ ರೂಪಾಯಿ. ಭಾಬಿಗೆ ನನ್ನ ವರದಿ ಒಪ್ಪಿಸಿದೆ.

ಊರಿಗೆ ಮರಳಿದ ಮೇಲೆ ಅದನ್ನು ಭಾಯಿಜಾನರ ಕಿವಿಗೆ ಹಾಕಿ ಅಮ್ಮಾನ ಮಾತು ಕೇಳಿಸಿದೆವು. ಸ್ವಲ್ಪ ಹೊತ್ತು ಕೇಳಿ ತೆಗೆದಿಟ್ಟರು. "ಅಮ್ಮಾನ ದನಿ ಗೊತ್ತಾಗುತ್ತದೆ, ಏನು ಹೇಳುತ್ತಿದ್ದಾರೆ ಗೊತ್ತಾಗುವುದಿಲ್ಲ" ಎಂದರು. ಬಳೆ? ಇಲ್ಲ. ರಾಟೆ? ಇಲ್ಲ. ದಮ್ಮಾಮಿನಲ್ಲಿ ಇಪ್ಪತ್ತೆರಡು ವರ್ಷ ಡೀಸೆಲ್ ಜನರೇಟರುಗಳ ಪಕ್ಕದಲ್ಲಿ ಕೆಲಸ ಮಾಡಿದವರು ಅವರು. ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದೆವು ಎನ್ನುತ್ತಾರೆ. ಹತ್ತಿ ಅಂಥ ಶಬ್ದವನ್ನು ತಡೆಯುವುದು ಅಷ್ಟಕ್ಕಷ್ಟೆ. ಅದಕ್ಕೆಂದೇ ಮಾಡಿದ ಮುಚ್ಚಳ ಬೇಕು.

ಪರೀಕ್ಷೆ ಮಾಡಿಸೋಣ ಎಂದರೆ "ನನಗೇನೂ ಆಗಿಲ್ಲ, ನೀವೆಲ್ಲ ಗೊಣಗುತ್ತೀರಿ" ಎಂಬ ಉತ್ತರ. ಆಮೇಲೆ ಕೊರೋನಾ ಬಂತು. 2022ರಲ್ಲಿ ಅಂತೂ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. 1965ರಲ್ಲಿ ಶುರುವಾದ ಈ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ. ಸದ್ದಿಲ್ಲದ ಪುಟ್ಟ ಕೋಣೆಯಲ್ಲಿ ಭಾಯಿಜಾನರನ್ನು ಕೂರಿಸಿ ಕಿವಿಗೆ ತೊಡಿಸಿದ್ದು ಏನು ಗೊತ್ತೇ? ಹೆಡ್‌ಫೋನ್! ಒಂದೊಂದೇ ಸ್ವರ ಬರುತ್ತದೆ, ಕೇಳಿಸಿದಾಗ ಬೆರಳೆತ್ತಬೇಕು. ಅಷ್ಟೇ ಪರೀಕ್ಷೆ. ಸೂಜಿಯಿಲ್ಲ, ನೋವಿಲ್ಲ.

ಕಾಗದದಲ್ಲಿ ಬಂದ ಗೆರೆ ತಗ್ಗು ಸ್ವರಗಳಲ್ಲಿ ಸುಮಾರಾಗಿ ನೆಟ್ಟಗೆ ಹೋಗಿ 4,000 ಹರ್ಟ್ಸ್ ಹತ್ತಿರ ಬಾವಿಗೆ ಬಿದ್ದಂತೆ ಕೆಳಗಿಳಿದಿತ್ತು. ಯಂತ್ರದ ಗದ್ದಲದಲ್ಲಿ ದುಡಿದವರ ಕಿವಿ ಹೀಗೇ ಗುಂಡಿ ಬೀಳುತ್ತದಂತೆ. ಆಡುವ ಮಾತಿನಲ್ಲಿ ಅ, ಆ, ಓ ಮುಂತಾದ ಸ್ವರಗಳು ತಗ್ಗಿನಲ್ಲಿರುತ್ತವೆ. ಸ, ಶ, ಫ, ತ ಮುಂತಾದವು ಮೇಲಿರುತ್ತವೆ. ಮೇಲಿನವು ಉದುರಿಹೋದರೆ ಮಾತಾಡುತ್ತಿದ್ದಾರೆ ಎಂಬುದು ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ಹೆಂಗಸರ, ಮಕ್ಕಳ ದನಿ ಗಂಡಸರಿಗಿಂತ ಮೇಲಿನ ಸ್ವರದ್ದಾದ್ದರಿಂದ ಮೊದಲು ಕಷ್ಟವಾಗುವುದು ಅದೇ. "ಅವರ ಗೆಳೆಯರ ಮಾತೆಲ್ಲ ಕೇಳಿಸುತ್ತದೆ, ನನ್ನ ಮಾತು ಮಾತ್ರ ಕೇಳಿಸುವುದಿಲ್ಲ" ಎಂದು ಭಾಬಿ ವರ್ಷಗಟ್ಟಲೆ ಜಗಳವಾಡಿದ್ದರು. ಪರೀಕ್ಷೆ ಮಾಡಿದ ಯುವತಿ ಆ ಗೆರೆ ತೋರಿಸುತ್ತಿದ್ದಂತೆ ಭಾಬಿ ಏನೂ ಮಾತಾಡದೆ ಭಾಯಿಜಾನರ ಚೀಲವನ್ನು ತಾವೇ ಎತ್ತಿಕೊಂಡರು.

ಜೋರಾಗಿ ಕೂಗಿದರೆ ಪ್ರಯೋಜನವಿಲ್ಲ, ಎದುರಿಗೆ ನಿಂತು ಮುಖ ಕಾಣುವಂತೆ ನಿಧಾನವಾಗಿ ಮಾತಾಡಿ ಎಂದರು. ಶ್ರವಣ ಸಾಧನ ಬರೆದುಕೊಟ್ಟರು. ಈಗ ಮಾತ್ರೆಯಷ್ಟು ಪುಟ್ಟವೂ ಬಂದಿವೆ. ಆಪಲ್ ಕಂಪನಿಯ ಒಂದು ಬಗೆಯ ಇಯರ್‌ಫೋನನ್ನೇ ಸಾಧಾರಣ ಮಟ್ಟದ ಕಿವುಡಿಗೆ ಶ್ರವಣ ಸಾಧನದಂತೆ ಬಳಸಲು 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ಇಲಾಖೆ ಒಪ್ಪಿಗೆ ಕೊಟ್ಟಿತು. ಕನ್ನಡಕ ಹಾಕಲು ನಾಚದ ನಾವು ಕಿವಿಗೆ ಹಾಕಲು ನಾಚುತ್ತೇವೆ. ಎಲ್ಲರೂ ಇಯರ್‌ಫೋನ್ ಸಿಕ್ಕಿಸಿಕೊಂಡೇ ತಿರುಗುವ ಈ ಕಾಲದಲ್ಲಿ ಯಾವುದು ಯಾವುದೆಂದು ನೋಡಿದವರಿಗೆ ತಿಳಿಯುವುದೂ ಇಲ್ಲ.

ಸಾಧನ ಹಾಕಿದ ಮೊದಲ ವಾರ ಭಾಯಿಜಾನರಿಗೆ ತಲೆನೋವು. ಇಷ್ಟು ವರ್ಷ ಬಾರದಿದ್ದ ಸದ್ದುಗಳಿಗೆ ಮೆದುಳು ಮತ್ತೆ ಒಗ್ಗಿಕೊಳ್ಳಲು ಕೆಲವು ವಾರ ಬೇಕೆಂದು ಅವರು ಮೊದಲೇ ಹೇಳಿದ್ದರು. ದಿನಕ್ಕೆ ಒಂದು ಗಂಟೆ, ಆಮೇಲೆ ಎರಡು, ಹೀಗೆ ಏರಿಸುತ್ತಾ ಹೋದರು. ಫ್ಯಾನು ಇಷ್ಟು ಸದ್ದು ಮಾಡುತ್ತದೆಯೇ ಎಂದು ಅವರಿಗೆ ಆಶ್ಚರ್ಯ. ಒಂದು ದಿನ ಅಡುಗೆಮನೆಯ ಬಾಗಿಲಿಗೆ ಬಂದು, ಪಾತ್ರೆಗಳನ್ನು ಸ್ವಲ್ಪ ಮೆಲ್ಲಗೆ ಇಡಬಾರದೇ ಎಂದು ಕೇಳಿದರು. "ಮದುವೆಯಾದಾಗಿನಿಂದ ಹೀಗೇ ಇಡುತ್ತಿದ್ದೇನೆ" ಎಂದರು ಭಾಬಿ, ಎದುರಿಗೆ ನಿಂತು, ಮುಖ ಕಾಣುವಂತೆ, ನಿಧಾನವಾಗಿ.